ನೊರೊವೈರಸ್ಸೂ ಕೈಗೂಡದ ಲಸಿಕೆಯೂ

ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಜಾತ್ರೆಗೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಂದ ಬಂದ ಬೀಗರು ಮನೆ ತುಂಬಿರುವಾಗ, ಒಬ್ಬರಿಗೆ ನಡುರಾತ್ರಿ ವಾಂತಿಭೇದಿ ಹಿಡಿದು, ಮರುದಿನವೋ ಅದರಾಚೆಯ ದಿನವೋ ಅರ್ಧಮಂದಿ ಹಾಸಿಗೆ ಹಿಡಿದರೆ, ಜಾತ್ರೆಯ ಭಜಿಯನ್ನು ಶಪಿಸಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಭಜಿ ಸರ್ವಥಾ ನಿರಪರಾಧಿಯೆಂದು ನಾನು ವಾದಿಸಲಾರೆ. ಆದರೆ ಹೀಗೆ ಹಠಾತ್ತನೆ ತಲೆದೋರಿ ಮೂರು ದಿನಗಳೊಳಗೆ ತಾನಾಗಿಯೇ ಶಮನವಾಗುವ ಉಪದ್ರವದ ಹಿಂದೆ ಅನೇಕ ವೇಳೆ ನೊರೊವೈರಸ್ ಎಂಬ ಸೂಕ್ಷ್ಮಾಣು ಇರುವುದು.

1968ರಲ್ಲಿ ಅಮೆರಿಕದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಹಬ್ಬಿದ ಈ ವ್ಯಾಧಿಯ ಕಾರಣವನ್ನು ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಕೆಲವೇ ಹತ್ತು ಕಣಗಳು ಹೊಟ್ಟೆ ಸೇರಿದರೂ ರೋಗ ತಗಲಬಹುದಾದುದರಿಂದ, ಹರವಿಯೊಳಗೆ ಚರಗಿ ಅದ್ದುವಾಗ ಜೊತೆಯಲ್ಲೇ ಮುಳುಗುವ ನಾಲ್ಕು ಬೆರಳು ಮನೆಮಂದಿಗೆಲ್ಲ ಅದನ್ನು ಹಂಚಲು ಸಾಕು. ಸ್ಯಾನಿಟೈಸರಿಗೆ ಇದು ಅಷ್ಟಾಗಿ ಬಗ್ಗದು. ಸಾಬೂನು ಹಚ್ಚಿ ಉಜ್ಜಿ ತೊಳೆದ ಕೈ, ವಾಂತಿ ಬಿದ್ದ ನೆಲಕ್ಕೆ ಬ್ಲೀಚಿಂಗ್ ಪುಡಿಯ ನೀರು, ಇವೇ ಮೇಲು. ನೆರೆಯ ವಯನಾಡಿನ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ 2021ರಲ್ಲಿ ಇದು ಪತ್ತೆಯಾಗಿತ್ತು.

ಲಸಿಕೆಯೇಕಿಲ್ಲ? ಬೇರೆ ಕುಲದ್ದಾದರೂ ಇದೇ ಕಸುಬಿನ ರೋಟಾವೈರಸ್ಸಿಗೆ ಲಸಿಕೆಯುಂಟು, ಅದರ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವುಂಟು. ರೋಗಲಕ್ಷಣವೇ ಇಲ್ಲದ ಅಲ್ಲಿಯ ನವಜಾತ ಶಿಶುಗಳಲ್ಲಿ, ಬಹುಪಾಲು ಗೋಮೂಲದ್ದಾದ ಐ-321 ಎಂಬ ತಳಿ ದೊರೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಮತ್ತು ಸಂಗಡಿಗರು ಅದನ್ನು ಪರಿಶೋಧಿಸಿದರು. ಪರೀಕ್ಷೆಯಲ್ಲಿ ಅದು ಹಿಂದೆ ಬಿದ್ದು, ದೆಹಲಿಯ ಶಿಶುಗಳಲ್ಲಿ ದೊರೆತ 116-ಇ ಗೆದ್ದು, ರೋಟಾವ್ಯಾಕ್ ಎಂಬ ಹೆಸರಿನಿಂದ 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಪ್ರವೇಶಿಸಿತು. ಸೋತ ತಳಿಯ ಶ್ರಮವೂ ವ್ಯರ್ಥವಲ್ಲವೆಂಬುದು ನನ್ನ ಎಣಿಕೆ: ಕೂಸಿನ ಕರುಳಿನಲ್ಲಿ ನಿರುಪದ್ರವಿಯಾಗಿ ನೆಲಸಿದ ವೈರಸ್ಸನ್ನೇ ಲಸಿಕೆಯಾಗಿಸಬಹುದೆಂಬ ಯೋಚನೆಗೆ ಅದೂ ಒಂದು ಆಧಾರವಾಗಿತ್ತು.

ನೊರೊವೈರಸ್ಸಾದರೋ ದಶಕಗಳ ಕಾಲ ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಯಲೇ ಒಪ್ಪಲಿಲ್ಲ. ಮೇರಿ ಎಸ್ಟೆಸ್ ಎಂಬ ವಿಜ್ಞಾನಿಯ ತಂಡ ಮಾನವನ ಕರುಳಿನ ಕೋಶಗಳಿಂದ ರಚಿಸಿದ ಕಿರುಅಂಗಗಳಲ್ಲಿ ಅದನ್ನು ಬೆಳೆಸಿದ್ದು 2016ರಲ್ಲಿ. ಮೇಲಾಗಿ ಅದರ ಪ್ರಬಲ ತಳಿಯು ಕೆಲವು ವರ್ಷಗಳಿಗೊಮ್ಮೆ ವೇಷ ಬದಲಿಸುವುದರಿಂದ, ಒಮ್ಮೆ ಗಳಿಸಿದ ರಕ್ಷಣೆ ಬಹುಕಾಲ ನಿಲ್ಲದು. ವೈರಸ್ಸಿನ ಹೊರಕವಚವನ್ನಷ್ಟೇ ಅನುಕರಿಸಿ ಮಾಡಿದ ಲಸಿಕೆಯೊಂದು 2024ರಲ್ಲಿ ಶಿಶುಗಳ ಮೇಲಣ ಪರೀಕ್ಷೆಯಲ್ಲಿ ವಿಫಲವಾಯಿತು. ಅದೇ ವರ್ಷ ವಯಸ್ಕರಲ್ಲಿ ಎಂ.ಆರ್.ಎನ್.ಎ. ಮಾದರಿಯ ಇನ್ನೊಂದರ ಮೂರನೆಯ ಹಂತದ ಪರೀಕ್ಷೆ ಆರಂಭವಾಯಿತು.