ಅಲಾಯ್ ವೀಲ್ ಮೇಲೆ ಬಿಳಿ ಗುಳ್ಳೆ: ವಾರಂಟಿ ಇದ್ದಾಗಲೇ ಕೇಳ್ರಿ

ನನ್ನ ಕಾರಿಗೆ ಇನ್ನೂ ಎರಡು ವರ್ಷ ತುಂಬಿಲ್ಲ, ಅಲಾಯ್ ವೀಲ್ ಮೇಲೆ ಬಿಳಿ ಗುಳ್ಳೆ ಎದ್ದಾವ. 'ಬೋರ್ ನೀರಾಗ ತೊಳೆದೀರಿ, ವಾರಂಟಿ ಬರಂಗಿಲ್ಲ' ಅಂದ್ರು ಶೋರೂಮ್‌ನವರು. 'ಅದನ್ನೇ ಬರೆದು ಕೊಡ್ರಿ' ಅಂದೆ.

ಅಲಾಯ್ ಅಂದ್ರೆ ಹೆಚ್ಚಾಗಿ ಅಲ್ಯೂಮಿನಿಯಂ. ಮೇಲಿನ ಲ್ಯಾಕರ್ ಬಿಟ್ಟಲ್ಲಿ ನೀರು ಇಳಿದು ಬಿಳಿ ಪುಡಿ ಏಳುತ್ತದೆ. ಕಲ್ಲೇಟು, ಆಸಿಡ್ ಕ್ಲೀನರ್ ಕಾರಣವಾದರೆ ವಾರಂಟಿ ಸಿಗೋದು ಕಷ್ಟ. ಗೀರೇ ಇಲ್ಲದ ಜಾಗದಲ್ಲಿ ನಾಲ್ಕೂ ಗಾಲಿಗೆ ಒಂದೇ ಥರ ಎದ್ದಿದ್ದರೆ, ಅದು ತಯಾರಿಕೆಯ ದೋಷ ಅಂತ ವಾದಿಸಬಹುದು.

ವಾರಂಟಿ ಮುಗಿಯೋದರೊಳಗೆ ಫೋಟೊ ತೆಗೀರಿ, ಜಾಬ್ ಕಾರ್ಡ್‌ನಲ್ಲಿ ದೂರು ಬರೆಸ್ರಿ, ಕಂಪನಿಗೆ ಇಮೇಲ್ ಹಾಕ್ರಿ. ಕೇಳಲಿಲ್ಲ ಅಂದ್ರ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ರಿ. ಶೋರೂಮ್ ಹುಬ್ಬಳ್ಳಿಯಲ್ಲಿದ್ದರೂ ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಗಡುವು 2 ವರ್ಷ, ತಡ ಮಾಡಬ್ಯಾಡ್ರಿ.