ನಡುವಿನ ಹೆಸರು

ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೇಳುವುದು ಒಂದೇ ಹೆಸರು. ಉಳಿದದ್ದು ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ನಮ್ಮ ಧಾರವಾಡದ ಕಡೆ ಇದನ್ನು ಕೂತು ಚರ್ಚಿಸಿದವರು ಕಡಿಮೆ. ಈ ವಾರ ನಮ್ಮ ಓಣಿಯ ಒಂದು ಮನೆಯಲ್ಲಿ ಮಾತ್ರ, ತೊಟ್ಟಿಲು ತೂಗಿ, ಗುಗ್ಗರಿ ಹಂಚಿ, ಬಂದವರೆಲ್ಲ ಹೋದ ಮೇಲೆ ಆ ಮಾತು ಎದ್ದಿತು. ಕೂಸಿನ ತಾಯಿ ಹಾಸನದ ಕಡೆಯವಳು. "ಅತ್ತೆ, ಇವಳ ಹೆಸರಿನ ನಡುವೆ ನನ್ನ ಹೆಸರು ಇರಲಾ? ಎರಡೂ ಒಟ್ಟಿಗೆ ಕೇಳೋಕೆ ಚೆನ್ನಾಗಿದೆ" ಅಂದಳು. ಅತ್ತೆಗೆ ಸಿಟ್ಟೇನೂ ಬರಲಿಲ್ಲ, ಆಶ್ಚರ್ಯವಾಯಿತು. "ನಡುವಿನ ಹೆಸರು ಆರಿಸೋದೇನು ಬಂತವ್ವಾ, ಅಪ್ಪಂದು ಇದ್ದೇ ಇರ್ತದಲ್ಲ?" ಅಂದರು.

ಇಬ್ಬರ ಮಾತೂ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟವು.

ಮೊದಲು ಸೊಸೆಯ ಮಾತು ನೋಡೋಣ. ಹೆಸರುಗಳು ಒಟ್ಟಿಗೆ ಕೇಳಲು ಚೆನ್ನಾಗಿರಬೇಕು ಅನ್ನುವುದು ಬರೀ ಶೋಕಿಯಲ್ಲ. ಈಗಿನ ಮಕ್ಕಳಿಗೆಲ್ಲ ಎರಡಕ್ಷರದ ಹೆಸರು. ಇಳಾ ಅಂತ ಇಟ್ಟುಕೊಳ್ಳಿ. ಪಕ್ಕದಲ್ಲಿ ಮಲ್ಲಿಕಾರ್ಜುನ ಬಂದು ನಿಂತರೆ ಆ ಚಿಕ್ಕ ಹೆಸರಿಗೆ ಒಂದು ತೂಕ ಬರುತ್ತದೆ, ನಾಲಿಗೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಅದೇ ಇಳಾ ಪಕ್ಕದಲ್ಲಿ ಆನಂದ ಬಂದರೆ, ಸ್ವಲ್ಪ ಬೇಗ ಕೂಗಿದರೂ ಸಾಕು, ಎರಡು ಆಕಾರಗಳು ಕೂಡಿ ಇಳಾನಂದ ಆಗಿಬಿಡುತ್ತದೆ. ವ್ಯಾಕರಣದಲ್ಲಿ ಸವರ್ಣದೀರ್ಘ ಸಂಧಿ ಕಲಿಯದವರ ಬಾಯಲ್ಲೂ ಆ ಸಂಧಿ ಆಗಿಯೇ ತೀರುತ್ತದೆ. ಎರಡು ಹೆಸರು ಹೊಂದುತ್ತವೋ ಇಲ್ಲವೋ ಎಂದು ಕಾಗದದ ಮೇಲೆ ಬರೆದು ನೋಡಿದರೆ ತಿಳಿಯುವುದಿಲ್ಲ. ಬಾಗಿಲಲ್ಲಿ ನಿಂತು, ಓಣಿಯ ಆ ತುದಿಗೆ ಕೇಳುವ ಹಾಗೆ ಕೂಗಿ ನೋಡಬೇಕು.

ಯಾರೂ ಆರಿಸದೆಯೂ ಚೆಂದ ಕೂಡಿಬಂದ ಹೆಸರುಗಳಿವೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಮೊದಲ ಹೆಸರಿನಲ್ಲಿ ತ್ರೇ, ನಡುವಿನದರಲ್ಲಿ ದ್ರ, ಕೊನೆಯದರಲ್ಲಿ ದ್ರೆ. ಮೂರು ಹೆಸರಲ್ಲೂ ಅಕ್ಷರದ ಅಡಿಗೆ ಒಂದೊಂದು ರಕಾರ ಕೂತಿದೆ. ರಾಮಚಂದ್ರ ಮುಗಿಯುವಲ್ಲೇ ಬೇಂದ್ರೆ ಪ್ರಾಸ ಹಿಡಿಯುತ್ತದೆ. ಪದದ ಸದ್ದನ್ನು ಅಷ್ಟೊಂದು ಹಚ್ಚಿಕೊಂಡಿದ್ದ ಕವಿಗೆ 1896ರಲ್ಲಿ ಹುಟ್ಟುವಾಗಲೇ ಇಂಥ ಹೆಸರು ಸಿಕ್ಕಿತ್ತು. ರೂಢಿಯ ಪ್ರಕಾರ ಬಂದ ಹೆಸರು, ಅಷ್ಟೇ. ರಾಮಚಂದ್ರ ಅವರ ತಂದೆ.

ಆ ತಂದೆಯನ್ನು ಬೇಂದ್ರೆಯವರು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡರು. ಆಮೇಲೆ ಮನೆಯ ಭಾರ ಹೊತ್ತು ಬೆಳೆಸಿದವರು ತಾಯಿ. ತಾಯಿಯ ಹೆಸರು ಅಂಬಿಕೆ, ಕರೆಯುವುದು ಅಂಬವ್ವ. ಶಾಲೆ, ಕಾಲೇಜು, ನೌಕರಿಯ ಕಾಗದಗಳಲ್ಲಿ ಆ ತಾಯಿಗೆ ಜಾಗ ಇರಲಿಲ್ಲ, ಅಲ್ಲಿ ನಡುವೆ ಇದ್ದದ್ದು ರಾಮಚಂದ್ರ. ಮುಂದೆ ಕವಿತೆ ಬರೆಯಲು ಕೂತಾಗ ಮಗ ತನಗೆ ತಾನೇ ಒಂದು ಹೆಸರು ಇಟ್ಟುಕೊಂಡ. ಅಂಬಿಕಾತನಯದತ್ತ, ಅಂಬಿಕೆಯ ಮಗ ದತ್ತ. ಅದರಲ್ಲಿ ತಾಯಿ ಮುಂದೆ, ಮಗ ಹಿಂದೆ. ಮನೆತನದ ಹೆಸರನ್ನೂ ಅಲ್ಲಿ ಬಿಟ್ಟುಕೊಟ್ಟಿದ್ದಾರೆ. ತನಗೆ ಐವರು ತಾಯಂದಿರು ಎಂದು ಹಾಡಿದ ಕವಿ ಅವರು. ವಿಶ್ವಮಾತೆ, ಭೂಮಾತೆ, ಭಾರತಮಾತೆ, ಕನ್ನಡಮಾತೆ, ಅವರ ಜೊತೆಗೆ ಹೆತ್ತ ತಾಯಿ. ಹಾಡುವವನು ಅಂಬಿಕಾತನಯದತ್ತ, ಅದನ್ನು ಕನ್ನಡಕ್ಕೆ ತಂದುಕೊಡುವವನು ಬೇಂದ್ರೆ ಎಂಬರ್ಥದ ಮಾತನ್ನೂ ಅವರು ಆಡಿದ್ದುಂಟು.

ನನಗೆ ಬಹಳ ಇಷ್ಟವಾಗುವುದು ಇದು: ತಾಯಿಯ ಹೆಸರನ್ನು ಕರೆದು ಕೂರಿಸಲು ಅವರು ತಂದೆಯ ಹೆಸರನ್ನು ಎಬ್ಬಿಸಲಿಲ್ಲ. ದ.ರಾ. ಎಂದೇ ನಾಡು ಅವರನ್ನು ಕರೆಯಿತು. ಆ ರಾ ಎಂಬ ಅಕ್ಷರದಲ್ಲಿ, ಬೇಗ ತೀರಿಹೋದ ರಾಮಚಂದ್ರ ಇವತ್ತಿಗೂ ಇದ್ದಾರೆ. ಆಮೇಲೆ ದತ್ತಾತ್ರೇಯ ಎಂಬ ಹೆಸರೇ ಒಂದು ಮೆಟ್ಟಿಲು ಸರಿದು ಅವರ ಮಗ ವಾಮನ ಬೇಂದ್ರೆಯವರ ಹೆಸರಿನ ನಡುವೆ ಬಂದು ನಿಂತಿತು. ಒಂದು ತಲೆಮಾರಿನಲ್ಲಿ ಮುಂದೆ ನಿಂತವರು ಮುಂದಿನ ತಲೆಮಾರಿನಲ್ಲಿ ನಡುವೆ ಬರುತ್ತಾರೆ.

ಇದನ್ನು ನೆನೆದಾಗಲೆಲ್ಲ ನಮ್ಮ ಶಾಲೆಗಳ ಹಾಜರಿ ಕಣ್ಣಿಗೆ ಕಟ್ಟುತ್ತದೆ. ಈ ಕಡೆಯ ಮಾಸ್ತರರು ಪೂರ್ತಿ ಹೆಸರು ಹಿಡಿದು ಕೂಗುತ್ತಿದ್ದರು. ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಅಪ್ಪ ಇಲ್ಲದ ಹುಡುಗನಿಗೂ ದಿನಾ ಬೆಳಿಗ್ಗೆ ಅಪ್ಪನ ಹೆಸರು ಕಿವಿಗೆ ಬೀಳುತ್ತಿತ್ತು. "ಹಾಜರ್ ಸರ್" ಎಂದು ಅವನು ಎದ್ದು ನಿಂತಾಗ ಇಬ್ಬರ ಪರವಾಗಿ ನಿಂತ ಹಾಗಿರುತ್ತಿತ್ತು. ಅತ್ತೆಯವರ ಮಾತಿನಲ್ಲಿ ಇರುವುದು ಇದೇ ತಿಳಿವಳಿಕೆ. ಮೊದಲ ಹೆಸರಿನಲ್ಲಿ ನಮ್ಮ ಆಸೆ ಇರುತ್ತದೆ, ನಡುವಿನ ಹೆಸರಿನಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಮನುಷ್ಯರನ್ನು ಆರಿಸುವುದು ಹೇಗೆ ಅಂತ ಅವರ ಪ್ರಶ್ನೆ.

ಹಾಸನ, ಮೈಸೂರಿನ ಕಡೆ ಆ ಮನುಷ್ಯ ಹೆಸರಿನ ಮುಂದೆ ಬಂದು ಒಂದಕ್ಷರದಲ್ಲಿ ಅಡಗಿ ಕೂರುತ್ತಾನೆ. ಅಲ್ಲಿ ಅದಕ್ಕೆ ಇನಿಷಿಯಲ್ಲು ಅನ್ನುತ್ತಾರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರ ಮೊದಲ ಅಕ್ಷರಗಳೇ ಕುವೆಂಪು ಆದವು. ನಡುವಿನ ವೆಂ ಅವರ ತಂದೆ. ಊರು, ತಂದೆ, ತಾನು, ಮೂವರೂ ಆ ಮೂರಕ್ಷರದಲ್ಲಿ ಕೂಡಿದ್ದಾರೆ.

ಆದರೆ ಅಲ್ಲೂ ಇಲ್ಲೂ ತಾಯಿಗೆ ಜಾಗ ಸಿಕ್ಕಿದ್ದು ಅಪರೂಪ. ಹೆಣ್ಣುಮಕ್ಕಳ ಹೆಸರಿನ ನಡುವೆ ಮೊದಲು ಅಪ್ಪ ಇರುತ್ತಾನೆ, ಮದುವೆಯಾದ ಮೇಲೆ ಗಂಡ ಬರುತ್ತಾನೆ. ಹೊತ್ತು ಹೆತ್ತು ಹೆಸರಿಟ್ಟವಳು ಯಾವ ಸಾಲಿನಲ್ಲೂ ಇರುವುದಿಲ್ಲ. ಇದು ಹಿಂದಿನಿಂದಲೂ ಹೀಗೇ ಇತ್ತು ಅನ್ನುವ ಹಾಗೂ ಇಲ್ಲ. ಶಾತವಾಹನರಲ್ಲಿ ಗೌತಮೀಪುತ್ರ ಶಾತಕರ್ಣಿ ಇದ್ದ, ವಾಸಿಷ್ಠೀಪುತ್ರ ಪುಲುಮಾವಿ ಇದ್ದ. ಬನವಾಸಿಯ ಕದಂಬರು, ಬಾದಾಮಿಯ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಹಾರಿತೀಪುತ್ರರೆಂದು ಹೇಳಿಕೊಂಡರು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದಲೇ. ಪಕ್ಕದ ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಾದ ಮೇಲೆ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರಬೇಕೆಂದು ಅಲ್ಲಿನ ಸರ್ಕಾರ ತೀರ್ಮಾನ ಮಾಡಿತು. ಬೇಂದ್ರೆ ಕವಿತೆಗಾಗಿ ಮಾಡಿಕೊಂಡದ್ದನ್ನು ಅಲ್ಲಿ ಎಲ್ಲ ಮಕ್ಕಳಿಗೂ ಮಾಡಲು ಹೊರಟಿದ್ದಾರೆ.

ಹಾಗಾದರೆ ನಮ್ಮ ಓಣಿಯ ಕೂಸಿನ ಹೆಸರಿನ ನಡುವೆ ಯಾರು ಬರಬೇಕು? ಅದು ಆ ಮನೆಯವರು ತೀರ್ಮಾನಿಸಬೇಕಾದ ವಿಷಯ. ಸೊಸೆ ಕಿವಿಯ ಮಾತು ಹೇಳಿದಳು, ಅತ್ತೆ ಋಣದ ಮಾತು ಹೇಳಿದರು. ನನಗೆ ಅನ್ನಿಸುವುದು, ಆ ಎರಡು ಮಾತುಗಳೂ ಸೇರಿದಾಗಲೇ ಹೆಸರು ಹೊಂದುವುದು. ಸದ್ದು ಇಂಪಾಗಿದ್ದು, ಯಾರದು ಈ ಹೆಸರು ಎಂದು ಕೇಳಿದರೆ ಹೇಳಲು ಏನೂ ಇಲ್ಲದಿದ್ದರೆ ಆ ಇಂಪು ಬಹಳ ದಿನ ಉಳಿಯುವುದಿಲ್ಲ. ಪ್ರೀತಿಯ ಒಬ್ಬರು ಅಲ್ಲಿ ನಿಂತಿದ್ದರೆ ಸ್ವಲ್ಪ ಒರಟು ಹೆಸರೂ ಕೂಗಿ ಕೂಗಿ ನಯವಾಗುತ್ತದೆ.

ಮನೆಯಲ್ಲಿ ಹೊಸ ಕೂಸು ಇರುವವರಿಗೆ ಒಂದು ಮಾತು. ಹೆಸರು ಬರೆಸದೆಯೂ ಜನನ ನೋಂದಣಿ ಆಗುತ್ತದೆ. ನೋಂದಣಿಯಾದ ಮೇಲೆ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಒಮ್ಮೆ ದಾಖಲಾದ ಹೆಸರನ್ನು ಬದಲಿಸುವುದು ಮಾತ್ರ ಸುಲಭವಲ್ಲ. ಆದ್ದರಿಂದ ಅವಸರ ಮಾಡಬೇಡಿ. ಅಜ್ಜಿಯನ್ನೂ ಕೇಳಿ, ಬಾಣಂತಿಯನ್ನೂ ಕೇಳಿ. ಯಾರ ಹೆಸರನ್ನೇ ನಡುವೆ ಇಟ್ಟರೂ, ಮಗುವಿಗೆ ತಿಳಿವಳಿಕೆ ಬಂದ ಮೇಲೆ ಅವರು ಯಾರು, ಎಂಥವರು ಎಂದು ಕೂರಿಸಿಕೊಂಡು ಹೇಳಿ.