ಆಕ್ಸಿಯಲ್ ಕಂಪ್ರೆಸರ್: ಪಾರ್ಸನ್ಸ್‌ನಿಂದ ಮನೆಯ ಶೆಡ್ಡಿನವರೆಗೆ



ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು ಪುಟ್ಟ ಜೆಟ್ ಎಂಜಿನ್ ಕಟ್ಟುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ಗಾಳಿಯನ್ನು ಒತ್ತಲು ಅವರಲ್ಲಿ ಬಹುಪಾಲು ಜನ ಬಳಸುವುದು ಟರ್ಬೋಚಾರ್ಜರಿನ ಚಕ್ರವನ್ನು. ಅದು ನಡುವಿನಿಂದ ಗಾಳಿ ಹೀರಿ ಅಂಚಿಗೆ ಎಸೆಯುವ ಸೆಂಟ್ರಿಫ್ಯೂಗಲ್ ಕಂಪ್ರೆಸರ್. ಪ್ರಯಾಣಿಕರ ದೊಡ್ಡ ವಿಮಾನಗಳ ಎಂಜಿನ್ನಿನಲ್ಲಿರುವುದು ಆಕ್ಸಿಯಲ್ ಕಂಪ್ರೆಸರ್. ಇದರಲ್ಲಿ ಗಾಳಿ ಶಾಫ್ಟಿನ ಉದ್ದಕ್ಕೇ ಹರಿಯುತ್ತದೆ. ತಿರುಗುವ ಬ್ಲೇಡುಗಳ ಒಂದು ಸಾಲು ಗಾಳಿಗೆ ಶಕ್ತಿ ತುಂಬುತ್ತದೆ, ಅದರ ಹಿಂದೆ ಅಲುಗಾಡದೆ ನಿಂತ ಸಾಲು ವೇಗವನ್ನು ತಗ್ಗಿಸಿ ಒತ್ತಡವನ್ನಾಗಿ ಮಾಡುತ್ತದೆ. ಎರಡೂ ಸೇರಿದರೆ ಒಂದು ಹಂತ. ಇದನ್ನೇ ಚಿಕ್ಕದಾಗಿ ಮನೆಯಲ್ಲಿ ಮಾಡಬೇಕೆಂದು ಹೊರಟವರು ಸೋಲುವ ಜಾಗ ಒಂದೇ, ಅದು ಬ್ಲೇಡು. ಇದರ ಮೊದಲ ತಯಾರಕರೂ ಸೋತದ್ದು ಅಲ್ಲಿಯೇ.

1884ರಲ್ಲಿ ಉಗಿ ಟರ್ಬೈನ್ ಕಟ್ಟಿದ ಚಾರ್ಲ್ಸ್ ಪಾರ್ಸನ್ಸ್‌ಗೆ ಟರ್ಬೈನನ್ನೇ ಹಿಂದುಮುಂದಾಗಿ ತಿರುಗಿಸಿದರೆ ಗಾಳಿ ಒತ್ತುವ ಯಂತ್ರವಾಗುತ್ತದೆ ಎಂದು ತೋಚಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅವರು ಅಂಥ ಯಂತ್ರಗಳನ್ನು ಮಾಡಿ ಮಾರಿದರು ಕೂಡ. ಆದರೆ ಕೊಟ್ಟ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿಯಾಗಿ ವ್ಯರ್ಥವಾಗುತ್ತಿತ್ತು. 1908ರ ಹೊತ್ತಿಗೆ ಆ ದಾರಿಯನ್ನೇ ಕೈಬಿಟ್ಟರು. ಟರ್ಬೈನಿನಲ್ಲಿ ಗಾಳಿ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡಕ್ಕೆ ತಾನಾಗಿ ಇಳಿಯುತ್ತದೆ, ಬ್ಲೇಡು ಸ್ವಲ್ಪ ಒರಟಾಗಿದ್ದರೂ ಸಹಿಸಿಕೊಳ್ಳುತ್ತದೆ. ಕಂಪ್ರೆಸರಿನಲ್ಲಿ ಗಾಳಿಯನ್ನು ಏರುದಾರಿಯಲ್ಲಿ ನೂಕಬೇಕು. ಬಾಗು ಸ್ವಲ್ಪ ಹೆಚ್ಚಾದರೂ ಗಾಳಿ ಬ್ಲೇಡಿನ ಮೈ ಬಿಟ್ಟು ಸಿಡಿದುಹೋಗುತ್ತದೆ. ಎಂಜಿನಿಯರುಗಳು ಇದಕ್ಕೆ ಸ್ಟಾಲ್ ಎನ್ನುತ್ತಾರೆ.

ಇದನ್ನು ಬಿಡಿಸಿ ಹೇಳಿದವರು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಎ. ಎ. ಗ್ರಿಫಿತ್. ಹಳೆಯ ಕಂಪ್ರೆಸರುಗಳ ಬ್ಲೇಡುಗಳು ಸ್ಟಾಲ್ ಆದ ಸ್ಥಿತಿಯಲ್ಲೇ ಕೆಲಸ ಮಾಡುತ್ತಿದ್ದವು, ಪ್ರತಿ ಬ್ಲೇಡನ್ನೂ ವಿಮಾನದ ಪುಟ್ಟ ರೆಕ್ಕೆಯೆಂದು ಎಣಿಸಿ ರೂಪಿಸಬೇಕು ಎಂದು 1926ರಲ್ಲಿ ಅವರು ತೋರಿಸಿಕೊಟ್ಟರು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಿರುವು ಇದೇ.

ಆದರೂ ಜೆಟ್ ಎಂಜಿನ್ನಿನಲ್ಲಿ ಮೊದಲು ಓಡಿದ್ದು ಸೆಂಟ್ರಿಫ್ಯೂಗಲ್. 1937ರ ಏಪ್ರಿಲ್ 12ರಂದು ಫ್ರಾಂಕ್ ವಿಟಲ್ ಬೆಂಚಿನ ಮೇಲೆ ಓಡಿಸಿದ ಎಂಜಿನ್ನಿನಲ್ಲೂ, 1939ರ ಆಗಸ್ಟ್ 27ರಂದು ಹಾರಿದ ಜರ್ಮನಿಯ ಹೈಂಕೆಲ್ ಹಿ 178 ವಿಮಾನದಲ್ಲೂ ಇದ್ದದ್ದು ಅದೇ ಬಗೆ. ಎಂಟು ಹಂತದ ಆಕ್ಸಿಯಲ್ ಕಂಪ್ರೆಸರನ್ನು ಯುದ್ಧಕ್ಕೆ ತಂದವರು ಯುಂಕರ್ಸ್ ಸಂಸ್ಥೆಯ ಆನ್ಸೆಲ್ಮ್ ಫ್ರಾಂಜ್. ಅವರ ಯೂಮೋ 004 ಎಂಜಿನ್ನಿನ ಎಂಟೂ ಹಂತಗಳು ಸೇರಿ ಒತ್ತಡವನ್ನು ಏರಿಸುತ್ತಿದ್ದದ್ದು ಸುಮಾರು ಮೂರು ಪಟ್ಟು. ನಮ್ಮ ಬೆಂಗಳೂರಿಗೂ ಈ ಬಗೆಯ ಎಂಜಿನ್ ಬೇಗನೆ ಬಂತು. ಎಚ್‌ಎಎಲ್‌ನಲ್ಲಿ ತಯಾರಾದ ಆರ್ಫಿಯಸ್ ಎಂಜಿನ್ನಿನಲ್ಲಿ ಏಳು ಹಂತದ ಆಕ್ಸಿಯಲ್ ಕಂಪ್ರೆಸರ್ ಇತ್ತು. 1961ರ ಜೂನಿನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿದ ಮಾರುತ್ ವಿಮಾನಕ್ಕೆ ಅಂಥ ಎರಡು ಎಂಜಿನ್ನುಗಳು.

ಹವ್ಯಾಸಿಗಳ ಕಥೆ ತಡವಾಗಿ ಶುರುವಾಯಿತು. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಪ್ಲೈವುಡ್ಡಿನ ಕಂಪ್ರೆಸರ್ ಚಕ್ರಕ್ಕೆ ಕಾರ್ಬನ್ ನಾರು ಸುತ್ತಿ, ಮನೆಯಲ್ಲೇ ಮಾಡಬಹುದಾದ ಎಂಜಿನ್ ತೋರಿಸಿದರು. ಆಮೇಲೆ ಬಂದ ಕೆಜೆ 66 ಎಂಬ ಹವ್ಯಾಸಿ ಎಂಜಿನ್ನಿನಲ್ಲಿ 66 ಮಿಲಿಮೀಟರಿನ ಟರ್ಬೋ ಚಕ್ರವಿದೆ. ಅದೊಂದೇ ಚಕ್ರ ಒತ್ತಡವನ್ನು ಎರಡು ಪಟ್ಟಿಗೂ ಮೀರಿ ಏರಿಸುತ್ತದೆ.

ಅಂಥ ಪುಟ್ಟ ಎಂಜಿನ್ನಿಗಾಗಿ ಒಂದು ಆಕ್ಸಿಯಲ್ ಕಂಪ್ರೆಸರಿನ ಲೆಕ್ಕ ಹಾಕೋಣ. ಹೊರ ವ್ಯಾಸ 100 ಮಿಲಿಮೀಟರ್, ಬ್ಲೇಡಿನ ಎತ್ತರ 15, ನಿಮಿಷಕ್ಕೆ 60,000 ಸುತ್ತು. ಬ್ಲೇಡಿನ ತುದಿ ಸೆಕೆಂಡಿಗೆ 314 ಮೀಟರ್ ವೇಗದಲ್ಲಿ ಓಡುತ್ತದೆ. ಇಷ್ಟಾದರೂ ಒಂದು ಹಂತದಿಂದ ಸಿಗುವುದು ಶೇ. 20ರಷ್ಟು ಏರಿಕೆ. ಟರ್ಬೋ ಚಕ್ರದ ಸಮಕ್ಕೆ ಬರಲು ನಾಲ್ಕು ಹಂತ, ಅಂದರೆ ಎಂಟು ಸಾಲು ಬ್ಲೇಡು ಬೇಕು. ಒಂದು ಸಾಲಿನಿಂದ ಹೊರಬೀಳುವ ಗಾಳಿಯ ಕೋನ ಮುಂದಿನ ಸಾಲಿಗೆ ಹೊಂದಲೇಬೇಕು. ತುದಿಗೂ ಕವಚಕ್ಕೂ 0.3 ಮಿಲಿಮೀಟರ್ ಸಂದು ಬಿಟ್ಟರೆ, ಅದು ಬ್ಲೇಡಿನ ಎತ್ತರದ ಶೇ. 2 ಆಯಿತು. ಒತ್ತಿದ ಗಾಳಿ ಅಲ್ಲಿಂದಲೇ ನುಸುಳಿ ಹಿಂದಕ್ಕೆ ಬರುತ್ತದೆ. ದೊಡ್ಡ ಎಂಜಿನ್ನಿನ ಉದ್ದ ಬ್ಲೇಡಿಗೆ ಅಷ್ಟೇ ಸಂದು ಲೆಕ್ಕಕ್ಕೇ ಬಾರದು. ಬ್ಲೇಡು ಚಿಕ್ಕದಾದಷ್ಟೂ ಮೈಗೆ ಅಂಟಿದ ನಿಧಾನಗಾಳಿಯ ಪದರ ಹೆಚ್ಚು ಪಾಲು ದಾರಿಯನ್ನು ನುಂಗುತ್ತದೆ. ಹಾಗಾಗಿ ಟರ್ಬೋ ಚಕ್ರ ಹಿಡಿದವರು ಅಂಜಿ ಹಾಗೆ ಮಾಡಿದರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅವರು ಲೆಕ್ಕವನ್ನು ಸರಿಯಾಗಿ ಓದಿದ್ದಾರೆ.

ಆದರೂ ಆಕ್ಸಿಯಲ್ಲೇ ಬೇಕೆನ್ನುವವರಿಗೆ ದಾರಿಯಿದೆ. ಅದು ಗ್ರಿಫಿತ್ ತೋರಿದ ದಾರಿ. ಬ್ಲೇಡಿನ ಬಾಗನ್ನು ಆಸೆಗೆ ತಕ್ಕಂತೆ ಹೆಚ್ಚಿಸಬೇಡಿ. ಒಂದು ಸಾಲಿನೊಳಗೆ, ಬ್ಲೇಡಿನ ಜೊತೆಯಲ್ಲೇ ನಿಂತು ನೋಡಿದಂತೆ ಅಳೆದ ಗಾಳಿಯ ವೇಗ, ಒಳಬಂದ ವೇಗದ ಶೇ. 72ಕ್ಕಿಂತ ಕೆಳಗಿಳಿಯಬಾರದು ಎನ್ನುವ ಡಿ ಹಾಲರ್ ಸೂತ್ರ ಇಂದಿಗೂ ಒಳ್ಳೆಯ ಕಾವಲು. ಬೆಂಕಿ ಹಚ್ಚುವ ಮುನ್ನ ಒಂದೇ ಹಂತವನ್ನು ವಿದ್ಯುತ್ ಮೋಟಾರಿಗೆ ಜೋಡಿಸಿ, ಬಲವಾದ ಕವಚದೊಳಗೆ 20,000 ಸುತ್ತಿನಲ್ಲಿ ಓಡಿಸಿ. ಹಿಂದಿನ ಒತ್ತಡವನ್ನು ನೀರು ತುಂಬಿದ ಯು ಆಕಾರದ ಕೊಳವೆಗೆ ಕೊಡಿ. ಮೇಲಿನ ಅಳತೆಯ ಹಂತ ಸರಿಯಾಗಿದ್ದರೆ ಎರಡು ಬದಿಯ ನೀರಿನ ಮಟ್ಟಗಳಿಗೆ ಸುಮಾರು 20 ಸೆಂಟಿಮೀಟರ್ ವ್ಯತ್ಯಾಸ ಕಾಣಬೇಕು. ಹೊರಬಾಯಿಯನ್ನು ನಿಧಾನವಾಗಿ ಮುಚ್ಚುತ್ತ ಹೋದರೆ ಒಂದು ಘಟ್ಟದಲ್ಲಿ ಸದ್ದು ಒಡೆಯುತ್ತದೆ, ನೀರು ಓಲಾಡುತ್ತದೆ. ಅದೇ ಸ್ಟಾಲ್. ಆ ಘಟ್ಟದಲ್ಲಿ ಎಷ್ಟು ಗಾಳಿ ಹರಿಯುತ್ತಿತ್ತೆಂದು ಬರೆದಿಟ್ಟುಕೊಂಡು, ಎಂಜಿನ್ ಓಡುವಾಗಿನ ಹರಿವು ಅದಕ್ಕಿಂತ ಸಾಕಷ್ಟು ಮೇಲಿರುವಂತೆ ನೋಡಿಕೊಳ್ಳಿ. ಎರಡನೆಯ ಹಂತದ ಬ್ಲೇಡು ಕೊರೆಯುವುದು ಆಮೇಲೆ. ಅದರ ಎತ್ತರ ಮೊದಲನೆಯದಕ್ಕಿಂತ ಕಡಿಮೆ ಇರಬೇಕು, ಏಕೆಂದರೆ ಒಳಬರುವ ಗಾಳಿ ಆಗಲೇ ಸಾಂದ್ರವಾಗಿರುತ್ತದೆ.